ಪಕ್ಕದ ಮನೆಯಲ್ಲಿಟ್ಟ ಪ್ರಸ್ಥಾನ

ಟಿಕೆಟ್ಟಿನಲ್ಲಿ ಮಂಗಳವಾರ ಎಂದು ಕಂಡಾಗಲೇ ವೇದವಲ್ಲಿಗೆ ಕಸಿವಿಸಿಯಾಗಿತ್ತು. ಜಪಾನಿನ ವಾಕೋ ಊರಿನ ಆ ಪುಟ್ಟ ಮನೆಯಲ್ಲಿ ಪಂಚಾಂಗ ನೋಡುವವಳು ಆಕೆಯೊಬ್ಬಳೇ. ಗಂಡ ಶ್ರೀಕಂಠ ಸಂಶೋಧನಾ ಸಂಸ್ಥೆಯ ವಿಜ್ಞಾನಿ. ಅವನಿಗೆ ಎಲ್ಲ ವಾರವೂ ಒಂದೇ.

ಮಗಳ ಹೆಸರು ಸಾಹಿತ್ಯ. ಅವಳು ಓದಲೆಂದು ಸ್ಪೇನಿನ ಸೆವಿಲ್ ಸೇರಿ ಎರಡು ವರ್ಷ ದಾಟಿತ್ತು. ಕೊರೊನಾ ಬಂದ ಮೇಲೆ ಅವಳು ಇತ್ತ ಬರಲಾಗಲಿಲ್ಲ, ಇವರು ಅತ್ತ ಹೋಗಲಾಗಲಿಲ್ಲ. ಈ ನವೆಂಬರಿನಲ್ಲಿ ಹೇಗೋ ದಾರಿ ತೆರೆದು, ಹತ್ತು ದಿನದ ರಜೆಯೂ ಸಿಕ್ಕಿತ್ತು.

“ಇಲ್ಲಿ ಮಧ್ಯಾಹ್ನ ಸ್ವೆಟರೇ ಬೇಡ ಅಮ್ಮಾ. ನೀನು ಒಲೆ ಮುಟ್ಟೋ ಹಾಗಿಲ್ಲ. ನದಿ ದಂಡೇಲಿ ಕೂತು ಬಿಸಿಲು ಕಾಯೋದು, ಅಷ್ಟೇ ಪ್ಲಾನು,” ಎಂದು ಮಗಳು ಫೋನಿನಲ್ಲಿ ಹೇಳಿದ್ದಳು.

“ಬಿಸಿಲು ಕಾಯೋಕೆ ಅಷ್ಟು ದೂರ ಬರ್ಬೇಕೇನೇ?” ಎಂದು ಹಂಗಿಸಿದರೂ ವೇದವಲ್ಲಿ ಅಂದೇ ಸೂಟ್‌ಕೇಸ್ ಇಳಿಸಿ, ನೂಲಿನ ಸೀರೆ, ಚಟ್ನಿಪುಡಿ ತುಂಬಿದ್ದಳು.

ಹೊರಡುವ ದಿನ ಒಳ್ಳೆಯದಲ್ಲವಾದರೆ ಹಿರಿಯರು ಪ್ರಸ್ಥಾನ ಇಡುತ್ತಿದ್ದರು. ಮೊದಲೇ ಒಂದು ಶುಭದಿನ ನೋಡಿ ಗಂಟನ್ನು ಬೇರೆಯವರ ಮನೆಯಲ್ಲಿಟ್ಟರೆ ಪ್ರಯಾಣ ಶುರುವಾದಂತೆಯೇ. ಆಮೇಲೆ ಹೋಗಿಬರುವ ತನಕ ಆ ಗಂಟು ಮತ್ತೆ ಹೊಸಿಲು ದಾಟಿ ಒಳಗೆ ಬರಬಾರದು. ಗುರುವಾರ ಬೆಳಿಗ್ಗೆ ವೇದವಲ್ಲಿ ದೇವರಿಗೆ ದೀಪ ಹಚ್ಚಿ, ಪಕ್ಕದ ಮನೆಯ ಹಯಾಶಿ ಸಾನ್ ಬಾಗಿಲು ತಟ್ಟಿದಳು. “ಸುಮಿಮಾಸೆನ್, ಮಂಗಳವಾರದ ತನಕ,” ಎಂದು ಹರಕುಮುರುಕು ಜಪಾನಿಯಲ್ಲಿ ಕ್ಷಮೆ ಕೋರುತ್ತಾ ಹೇಳಿದಳು. ಆ ಹಿರಿಯಾಕೆ ಏನೂ ಕೇಳದೆ, ಸೂಟ್‌ಕೇಸಿನ ಅಡಿಗೊಂದು ಬಟ್ಟೆ ಹಾಸಿ ಇಟ್ಟುಕೊಂಡರು. ವೇದವಲ್ಲಿ ಅಂದೇ ಮಗಳಿಗೂ ಫೋನ್ ಮಾಡಿ ತಿಳಿಸಿದಳು.

ಸೋಮವಾರ ಸುದ್ದಿ ಬಂತು. ಕೊರೊನಾದ ಹೊಸ ತಳಿಯಂತೆ, ನಾಳೆಯಿಂದ ದೇಶದ ಬಾಗಿಲು ಹೊರಗಿನವರಿಗೆ ಮುಚ್ಚುತ್ತದಂತೆ. ಇಲ್ಲಿ ನೆಲೆಸಿದವರು ಸದ್ಯಕ್ಕೆ ಹಿಂದಿರುಗಬಹುದು, ಮುಂದಿನದು ಗೊತ್ತಿಲ್ಲ. ಯಾರೂ ಹೊರಡಬೇಡಿ ಎಂದು ಶ್ರೀಕಂಠನ ಸಂಸ್ಥೆಯಿಂದಲೂ ಮೇಲ್ ಬಂತು.

“ಹೋದ್ರೆ ವಾಪಸ್ ಬಿಡ್ತಾರೋ ಇಲ್ವೋ ಕಣೇ. ಹೋದ ವರ್ಷ ಎಷ್ಟು ಜನ ತಿಂಗಳುಗಟ್ಲೆ ಆಚೆನೇ ಸಿಕ್ಕಾಕ್ಕೊಂಡ್ರು, ನೋಡ್ಲಿಲ್ವಾ?”

“ನಾನೊಬ್ಳೇ ಹೋಗ್ಲೇನ್ರೀ?”

“ನಿನ್ನ ವೀಸಾ ನಿಂತಿರೋದು ನನ್ನ ಕೆಲಸದ ಮೇಲೆ.”

ಶ್ರೀಕಂಠ ಟಿಕೆಟ್ ರದ್ದು ಮಾಡಿದ. ವೇದವಲ್ಲಿ ದೇವರ ಗೂಡಿನ ಮುಂದೆ ಕುಳಿತಳು. ಯಾರ ಮೇಲೆ ದೂರು ಹೇಳುವುದೆಂದು ತಿಳಿಯಲಿಲ್ಲ. ಆದರೂ ಪ್ರಸ್ಥಾನ ಆಚೆ ಇದೆಯಲ್ಲ, ಹೋಗುವ ದಾರಿ ಇನ್ನೂ ಮುರಿದಿಲ್ಲ. ಇನ್ನೆರಡು ತಿಂಗಳು ಅಲ್ಲೇ ಇರಲಿ ಎನ್ನಲು ಜಪಾನಿಯಲ್ಲಿ ಮಾತು ಜೋಡಿಸತೊಡಗಿದಳು.

ಅಷ್ಟರಲ್ಲಿ ಬಾಗಿಲ ಕರೆಗಂಟೆ ಬಾರಿಸಿತು.

ಹಯಾಶಿ ಸಾನ್ ನಿಂತಿದ್ದರು. ಟೀವಿಯಲ್ಲಿ ನೋಡಿದರಂತೆ. ಇಂಥ ಬೇಸರದಲ್ಲಿ ನೀವೇಕೆ ಹೊರಬೇಕು ಎನ್ನುತ್ತಾ, ಒರೆಸಿ ಸ್ವಚ್ಛಮಾಡಿದ ಸೂಟ್‌ಕೇಸನ್ನು ಎರಡೂ ಕೈಯಿಂದ ಎತ್ತಿ, ಹೊಸಿಲು ದಾಟಿಸಿ, ಚಪ್ಪಲಿಗಳ ಪಕ್ಕದಲ್ಲಿ ಮೆಲ್ಲಗೆ ಇಳಿಸಿದರು. ಬೇಡ ಎನ್ನುವಷ್ಟರಲ್ಲಿ ಆಗಿಹೋಗಿತ್ತು. ಆ ತಾಯಿಗೆ ಏನೆಂದು ಹೇಳುವುದು? ವೇದವಲ್ಲಿ ತಲೆಬಾಗಿ, “ಅರಿಗಾತೋ,” ಎಂದು ಧನ್ಯವಾದ ಹೇಳಿದಳು.

ಬಾಗಿಲು ಹಾಕುತ್ತಿದ್ದಂತೆ ಫೋನು ಬಂತು. ಸಾಹಿತ್ಯ ಅಳುತ್ತಿದ್ದಳು.

“ಅಪ್ಪ ಹೇಳಿದ್ರು. ಅಮ್ಮಾ, ಪ್ರಸ್ಥಾನ ಪಕ್ಕದ್ಮನೇಲೇ ಇದೆ ತಾನೆ? ಹಾಗಾದ್ರೆ ನೀವು ಹೊರಟಾಗಿದೆ. ಸ್ವಲ್ಪ ಲೇಟಾಗ್ತಿದೆ, ಅಷ್ಟೇ. ಅಲ್ವಾ?”

ಹುಟ್ಟಿದಾಗಿನಿಂದ ದೇವರೆದುರು ಸುಳ್ಳಾಡದ ವೇದವಲ್ಲಿ ದೀಪದ ಕಡೆಗೆ ಬೆನ್ನು ತಿರುಗಿಸಿದಳು.

“ಹೂಂ ಕಣೇ ಮಗಳೇ, ಅಲ್ಲೇ ಇದೆ.”