ಬಾನೆಟ್ಟಿನೊಳಗಿನ ಹೊಗೆಸೊಪ್ಪು

ಗೌತಮಿಯ ಕಾರಿನ ವಯರನ್ನು ಇಲಿ ಎರಡನೆಯ ಸಲ ಕಡಿದು ಹಾಕಿದ ದಿನ ಮೆಕ್ಯಾನಿಕ್ ಉನೈಸ್ ಬಾನೆಟ್ಟಿನೊಳಗೆ ತಲೆ ತೂರಿಸಿ ಒಂದೊಂದೇ ವಯರನ್ನು ಎತ್ತಿ ಎತ್ತಿ ನೋಡಿದ. ಡಾಕ್ಟರ ಮುಂದೆ ರೋಗಿಯ ಕಡೆಯವರು ನಿಲ್ಲುವ ಹಾಗೆ ಗೌತಮಿ ಪಕ್ಕದಲ್ಲಿ ನಿಂತಿದ್ದಳು.

“ಇದು ಹಸಿವಿಗೆ ತಿಂದದ್ದಲ್ಲ ಟೀಚರೇ,” ಎಂದು ಅವನು ಕೊನೆಗೂ ಬಾಯಿ ಬಿಟ್ಟ. “ಹಸಿವಾದ್ರೆ ಒಂದು ಕಡೆಯಿಂದ ತಿನ್ಬೇಕಲ್ಲ? ಇದು ಇಲ್ಲಿ ಸ್ವಲ್ಪ, ಅಲ್ಲಿ ಸ್ವಲ್ಪ. ರುಚಿ ನೋಡಿದ್ದು.”

“ಹೊಸ ವಯರು ಹಾಕಿ ಎರಡು ತಿಂಗಳು ಆಗ್ಲಿಲ್ಲ ಉನೈಸ್.”

“ಹೊಸತೇ ಅಲ್ವಾ ಅದಕ್ಕೆ ಬೇಕಾದ್ದು. ಹಳೇದು ಗಟ್ಟಿ.”

ಜಗಲಿಯಲ್ಲಿ ಕೂತಿದ್ದ ಹರಿನಾಥ ಓದುತ್ತಿದ್ದ ಪೇಪರನ್ನು ಕೆಳಗಿಳಿಸದೆಯೇ ನಕ್ಕ. ಹರಿನಾಥ ಗೌತಮಿಯ ಗಂಡ. ಬದಿಯಡ್ಕದ ಒಂದು ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತ. ಈ ಸೆಕೆಂಡ್ ಹ್ಯಾಂಡ್ ಕಾರು ಮನೆಗೆ ಬರುವಾಗಲೇ ಅವನು ಪೆಟ್ರೋಲು, ಟಯರು, ಸರ್ವೀಸು ಎಂದು ಒಂದೊಂದೇ ಬೆರಳು ಮಡಚಿ, ಕೈ ಮುಷ್ಟಿಯಾದ ಮೇಲೆ ಆ ಮುಷ್ಟಿಯನ್ನೇ ತೋರಿಸಿ, “ಇದಕ್ಕಿಂತ ಆನೆ ಸಾಕುವುದು ಒಳ್ಳೇದು. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ. ಕಾರು ಸತ್ತರೆ ಗುಜರಿ” ಎಂದಿದ್ದ. ಗೌತಮಿ ಕೇಳಲಿಲ್ಲ. ತನ್ನ ಸಂಬಳದಿಂದ ತೆಗೆದಳು. ಅವಳು ಗಂಡನ ಮಾತು ಮೀರಿದ ಮೊದಲ ವಿಷಯ ಅದು. ಹಾಗಾಗಿ ಕಾರು ಒಂದು ಸಲ ಕೆಮ್ಮಿದರೂ ಹರಿನಾಥನಿಗೆ ಹಬ್ಬ.

ಆದರೆ ಆ ದಿನ ಅವನ ಹಬ್ಬಕ್ಕೂ ಸ್ವಲ್ಪ ಮಂಗಳಾರತಿಯಾಯಿತು. ಇನ್ಶೂರೆನ್ಸ್ ಏಜೆಂಟನಿಗೆ ಫೋನ್ ಮಾಡಿದರೆ ಆ ಮನುಷ್ಯ, “ನಿಮ್ಮ ಪಾಲಿಸಿಯಲ್ಲಿ ಇಲಿ ಬರುವುದಿಲ್ಲ ಸರ್” ಎಂದ.

“ಪಾಲಿಸಿಯಲ್ಲಿ ಬಾರದಿದ್ದರೆ ಎಂತ ಮಾಡುವುದು ಮಾರಾಯ, ಕಾರಿನಲ್ಲಿ ಬಂದಾಯಿತಲ್ಲ!”

“ಅದಕ್ಕೆ ಬೇರೆ ಕವರ್ ಉಂಟು, ಸ್ವಲ್ಪ ಹೆಚ್ಚು ಕಟ್ಟಬೇಕು ಅಂತ ನಾನು ಹೇಳಿದ್ದೆ ಸರ್. ಇಲಿಗೂ ಇನ್ಶೂರೆನ್ಸಾ ಅಂತ ನೀವೇ ನಗಾಡಿದ್ದು.”

ಹರಿನಾಥ ಫೋನ್ ಇಟ್ಟು ಮತ್ತೆ ಪೇಪರು ಎತ್ತಿಕೊಂಡ. ಈ ಸಲ ಅದು ಮುಖಕ್ಕೆ ಹೆಚ್ಚು ಹತ್ತಿರ ಇತ್ತು.

ಗೌತಮಿಗೆ ಈ ಕಾರು ಏಕೆ ಇಷ್ಟು ಬೇಕಾಗಿತ್ತು ಎಂಬುದನ್ನು ಹೇಳಿಬಿಡಬೇಕು. ಅವಳ ಶಾಲೆ ಉಪ್ಪಳದ ಹತ್ತಿರ, ಮಂಗಲ್ಪಾಡಿಯಲ್ಲಿ. ಮನೆ ಅಗಲ್ಪಾಡಿಯಲ್ಲಿ. ಬದಿಯಡ್ಕ, ಕುಂಬಳೆ ಎಂದು ಇಳಿದು ಹತ್ತಿ ಮೂರು ಬಸ್ಸು ಆಗಬೇಕು, ಒಂದು ತಪ್ಪಿದರೆ ಉಳಿದೆರಡೂ ತಪ್ಪಿದವು ಎಂದೇ ಲೆಕ್ಕ. ಇದು ಅವಳು ಎಲ್ಲರಿಗೂ ಹೇಳುತ್ತಿದ್ದ ಕಾರಣ. ಹೇಳದ ಕಾರಣ ಬೇರೆ ಇತ್ತು. ಸಂಜೆ ಬರುವಾಗ ಕುಂಬಳೆಯಲ್ಲಿ ಒಂದು ಹೋಟೆಲಿನಿಂದ ಎಣ್ಣೆಯಲ್ಲಿ ಕರಿದ ಎರಡು ಬನ್ಸ್ ಕಾಗದದಲ್ಲಿ ಕಟ್ಟಿಸಿಕೊಂಡು, ಮುಂದೆ ಒಂದು ಮರದಡಿ ಕಾರು ನಿಲ್ಲಿಸಿ, ಗಾಜು ಏರಿಸಿ, ಒಬ್ಬಳೇ ಕೂತು ತಿನ್ನುತ್ತಿದ್ದಳು. ಆ ಹೊತ್ತಿಗೆ ಅವಳನ್ನು ಟೀಚರೇ ಎಂದು ಕರೆಯುವವರಿಲ್ಲ, ಅತ್ತಿಗೆ ಎನ್ನುವವರಿಲ್ಲ, “ಏ ಇವಳೇ, ನನ್ನ ಕನ್ನಡಕ ಎಲ್ಲಿ” ಎನ್ನುವವರಂತೂ ಇಲ್ಲವೇ ಇಲ್ಲ. ಇಡೀ ದಿನದಲ್ಲಿ ಅವಳಿಗೆ ಅವಳದೇ ಆದದ್ದು ಅಷ್ಟು. ಅದು ಹೋಗುತ್ತದೆ ಎಂದು ಯೋಚಿಸಿದರೇ ಅವಳಿಗೆ ಅಳು ಬರುತ್ತಿತ್ತು.

ಇಲಿ ಓಡಿಸಲು ಅವಳು ಮಾಡದ ಉಪಾಯವಿಲ್ಲ. ಬಟ್ಟೆಯ ಪೆಟ್ಟಿಗೆಯ ನುಸಿಗುಳಿಗೆ ಇಟ್ಟಳು, ಇಲಿಗೆ ನೆಗಡಿ ಹೋದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಬೆಕ್ಕು ತಂದಳು; ಅದು ಬೆಚ್ಚಗಿನ ಬಾನೆಟ್ಟಿನ ಮೇಲೆ ಮಲಗಿತು, ಇಲಿ ಅದರ ಕೆಳಗೆ ಮಲಗಿತು, ಇಬ್ಬರಿಗೂ ಒಳ್ಳೆಯ ನಿದ್ದೆ. ಬೋನು ಇಟ್ಟು ಒಂದು ಹೆಗ್ಗಣವನ್ನು ಹಿಡಿದದ್ದೂ ಆಯಿತು. ಅದನ್ನು ಹರಿನಾಥನೇ ಸ್ಕೂಟರಿನಲ್ಲಿ ಗದ್ದೆಯಾಚೆ ಬಿಟ್ಟು ಬಂದ. ಅವನಿಗಿಂತ ಮೊದಲು ಅದು ಮನೆ ಸೇರಿತ್ತು ಎಂದು ಅವನ ತಾಯಿ, ಗೌತಮಿಯ ಅತ್ತೆ ಅನ್ನಪೂರ್ಣೇಶ್ವರಿಯಮ್ಮ, ಆಣೆ ಹಾಕಿ ಹೇಳುತ್ತಿದ್ದರು.

ಕೊನೆಗೆ ಉನೈಸನೇ ಒಂದು ದಾರಿ ಹೇಳಿದ. “ಹೊಗೆಸೊಪ್ಪು ಕಟ್ಟಿ ಇಡಿ ಟೀಚರೇ. ನಮ್ಮ ಖಾರದ ಸೊಪ್ಪೇ ಆಗ್ಬೇಕು. ಆ ವಾಸನೆಗೆ ಇಲಿ ನಿಲ್ಲುವುದಿಲ್ಲ.”

“ಗ್ಯಾರಂಟಿಯಾ?”

“ಬೆಕ್ಕಿಗೂ ನಾನು ಗ್ಯಾರಂಟಿ ಕೊಟ್ಟಿದ್ದೆ. ಆದ್ರೆ ಇದು ಆಗ್ತದೆ.”

ಬದಿಯಡ್ಕ ಪೇಟೆಯ ಜನಾರ್ದನನ ಅಂಗಡಿಯಲ್ಲಿ ಹೊಗೆಸೊಪ್ಪು ಕೇಳಿದಾಗ ಅವನು ತಕ್ಕಡಿ ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿ, “ಯಾರಿಗೆ ಟೀಚರೇ?” ಎಂದ. “ಕಾರಿಗೆ” ಎಂದಳು ಗೌತಮಿ. ಕೆಲಸದವರಿಗೆ, ನೆಂಟರಿಗೆ, ದನದ ಹುಳಕ್ಕೆ ಎಂದು ನಾನಾ ನೆಪ ಕೇಳಿದ್ದ ಜನಾರ್ದನನಿಗೂ ಇದು ಹೊಸತು. ಅವನು ಮರ್ಯಾದೆಯಿಂದ ಎರಡು ಪದರ ಕಾಗದದಲ್ಲಿ ಕಟ್ಟಿಕೊಟ್ಟ.

ಸೊಪ್ಪನ್ನು ಹಳೆ ಬಟ್ಟೆಯಲ್ಲಿ ಸಣ್ಣ ಸಣ್ಣ ಗಂಟು ಕಟ್ಟಿ ಬ್ಯಾಟರಿಯ ಪಕ್ಕದಲ್ಲಿ, ವಯರಿನ ಮಗ್ಗುಲಲ್ಲಿ ಇಟ್ಟದ್ದೇ ತಡ, ಇಲಿಯ ಸುಳಿವಿಲ್ಲ. ಗೌತಮಿ ನೆಮ್ಮದಿಯಿಂದ ಬನ್ಸ್ ತಿಂದಳು. ಆದರೆ ಕೆಲವು ವಾರ ಕಳೆದು ನೋಡಿದರೆ ಗಂಟುಗಳು ಬಡಕಲಾಗಿದ್ದವು. ಬಿಸಿಗೆ ಒಣಗಿತೇನೋ ಎಂದು ಮತ್ತೆ ತುಂಬಿಸಿದಳು. ಮತ್ತೆ ಬಡಕಲಾದವು. “ಇಲಿ ಹೊಗೆಸೊಪ್ಪನ್ನೂ ತಿನ್ತದಾ ಉನೈಸ್?” ಎಂದು ಕೇಳಿದರೆ, “ಕೆಲವು ತಿಂದರೂ ತಿಂದಾವು ಟೀಚರೇ, ಅಭ್ಯಾಸ ಆದರೆ” ಎಂದ ಆ ಮಹಾಜ್ಞಾನಿ. ಅದಾದ ಮರುವಾರವೇ ಕಾರು ಮೂರನೆಯ ಸಲ ಅಂಗಳದಲ್ಲಿ ಸತ್ತು ನಿಂತಿತು.

“ಸಾಕು,” ಎಂದ ಹರಿನಾಥ. ಈ ಸಲ ನಗಲಿಲ್ಲ. “ಮೂರು ಸಲದ ರಿಪೇರಿಯ ದುಡ್ಡಿನಲ್ಲಿ ನೀನು ಒಂದು ವರ್ಷ ಬಸ್ಸಿನಲ್ಲಿ ಹೋಗಬಹುದಿತ್ತು. ಉಪ್ಪಳದಲ್ಲಿ ಹಳೆ ಕಾರು ತೆಗೆದು ಮಾರುವ ಇಬ್ರಾಹಿಂ ಅಂತ ಒಬ್ಬರಿದ್ದಾರೆ. ಭಾನುವಾರ ಬರ್ಲಿಕ್ಕೆ ಹೇಳಿದ್ದೇನೆ.”

ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ ಎಂದು ಕೇಳಬೇಕೆಂದುಕೊಂಡಳು ಗೌತಮಿ. ಆದರೆ ರಿಪೇರಿಯ ವಿಷಯದಲ್ಲಿ ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಇಡೀ ತರಗತಿಯನ್ನು ಒಂದು ನೋಟದಲ್ಲಿ ಸುಮ್ಮನಾಗಿಸುವವಳು ಮನೆಯಲ್ಲಿ ತಾನೇ ಸುಮ್ಮನಾದಳು.

ಉನೈಸ್ ಬಂದು ಕಾರನ್ನು ಸರಿಮಾಡಿ ಹೋದ. ಮಾರಿ ಹೋಗುವ ಕಾರಿಗೆ ಇನ್ನು ಯಾಕೆ ಎಂದು ತಿಳಿಯದೆಯೂ ಗೌತಮಿ ಹೊಸ ಗಂಟುಗಳನ್ನು ಕಟ್ಟಿಟ್ಟಳು. ಶನಿವಾರ ಬೆಳಗ್ಗೆ ದನದ ಹಟ್ಟಿಯ ಕಡೆಗೆ ಹೊರಟವಳಿಗೆ ಕಾರಿನ ಬಾನೆಟ್ಟು ಮೇಲಕ್ಕೆದ್ದಿರುವುದು ಕಂಡಿತು. ಅದರ ಕೆಳಗೆ ಎತ್ತಿ ಕಟ್ಟಿದ ಸೀರೆ, ಎರಡು ಕಾಲು. ಬಾನೆಟ್ಟು ಬೀಳದಂತೆ ಆನಿಸುವ ಕಡ್ಡಿಯನ್ನು ಸರಿಯಾದ ತೂತಿಗೇ ಸಿಕ್ಕಿಸಲಾಗಿತ್ತು. ಗೌತಮಿಗೆ ಅದು ಇವತ್ತಿಗೂ ಒಂದೇ ಸಲಕ್ಕೆ ಸಿಕ್ಕುವುದಿಲ್ಲ.

“ಅತ್ತೇ!”

ಅನ್ನಪೂರ್ಣೇಶ್ವರಿಯಮ್ಮ ತಿರುಗಿದರು. ಕೈಯಲ್ಲಿ ಬಿಚ್ಚಿದ ಗಂಟು. ಇನ್ನೊಂದು ಕೈಯ ಚಿಟಿಕೆ ಬಾಯಿಯ ಹತ್ತಿರ ಬಂದು ನಿಂತಿತ್ತು.

ಎಂಟು ತಿಂಗಳ ಹಿಂದೆ ಅವರ ಕೆನ್ನೆಯ ಒಳಗೆ ಒಂದು ಬಿಳಿ ಮಚ್ಚೆ ಕಂಡು, ಮಂಗಳೂರಿನ ಡಾಕ್ಟರು ಹೊಗೆಸೊಪ್ಪು ಮುಟ್ಟಕೂಡದು, ತಿಂಗಳೆರಡು ತಿಂಗಳಿಗೊಮ್ಮೆ ತೋರಿಸಬೇಕು ಎಂದಿದ್ದರು. ಆಸ್ಪತ್ರೆಯ ವರಾಂಡದಲ್ಲಿ ಹರಿನಾಥ ಸಣ್ಣ ಮಗುವಿನ ಹಾಗೆ ಅತ್ತಿದ್ದ. ಅಂದಿನಿಂದ ಮನೆಯ ಎಲೆ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಸುಣ್ಣ ಇಷ್ಟೇ. ತೋರಿಸಲಿಕ್ಕೆ ಮಾತ್ರ ಅತ್ತೆ ಮತ್ತೆ ಹೋಗಿರಲಿಲ್ಲ. ಹೊರಡುವ ಮಾತೆತ್ತಿದರೆ ಅವರಿಗೆ ಸೊಂಟ ನೋಯುತ್ತಿತ್ತು.

“ಮುಟ್ಟುವುದಿಲ್ಲ ಅಂತ ಹೇಳಿದ್ದಿರಲ್ಲ ಅತ್ತೆ!”

“ಮನೆಯೊಳಗೆ ತರುವುದಿಲ್ಲ ಅಂತ ಹೇಳಿದ್ದು,” ಎಂದರು ಅತ್ತೆ ಗಂಭೀರವಾಗಿ. “ಕಾರು ಅಂಗಳದಲ್ಲಲ್ಲವಾ ಇರುವುದು? ನಾನು ತಂದದ್ದೂ ಅಲ್ಲ. ನೀನೇ ತಂದು ಇಟ್ಟದ್ದು.”

“ಅದು ಇಲಿಗೆ!”

“ಇಲಿ ತಿನ್ನುವುದಿಲ್ಲ, ಹಾಳಾಗ್ತದೆ ಅಂತ…” ಅಷ್ಟರಲ್ಲಿ ಅವರ ಸ್ವರ ತಗ್ಗಿತು. “ಹರಿಗೆ ಹೇಳಬೇಡ ಮಗಳೇ. ಅವನು ಇನ್ನೊಮ್ಮೆ ಅಳುವುದು ನನಗೆ ನೋಡ್ಲಿಕ್ಕೆ ಆಗುವುದಿಲ್ಲ. ಇನ್ನು ಮುಟ್ಟುವುದಿಲ್ಲ, ಇದು ಕಡೆಯದು. ಮತ್ತೆ, ನಿನ್ನ ಕಾರಿನ ಬಾಗಿಲಿನ ಸಂದಿಯಲ್ಲಿ ಎಷ್ಟು ಎಣ್ಣೆ ಕಾಗದ ಉಂಟು, ಯಾವ ಹೋಟೆಲಿನದ್ದು ಅಂತ ನಾನು ಯಾರಿಗಾದರೂ ಹೇಳಿದ್ದೇನಾ?”

ಬಾನೆಟ್ಟಿನ ಬೀಗ ತೆಗೆಯುವ ಹಿಡಿ ಕಾರಿನ ಒಳಗೇ ಇರುವುದು ಎಂದು ಗೌತಮಿಗೆ ಆಗ ನೆನಪಾಯಿತು. ನಗು, ಸಿಟ್ಟು ಎರಡೂ ಒಟ್ಟಿಗೆ ಬಂದವು. ಸೊಪ್ಪಿನ ಗಂಟನ್ನು ಕಿತ್ತುಕೊಂಡಳು, ಹೇಳುವುದಿಲ್ಲ ಎಂದು ಮಾತೂ ಕೊಟ್ಟಳು. ಒಳಗೆ ಹೋದ ಮೇಲೆ ಹೊಳೆಯಿತು: ಕಾರನ್ನು ಉಳಿಸಬಹುದಾಗಿದ್ದ ಒಂದೇ ಒಂದು ಮಾತನ್ನು ತಾನು ಈಗಷ್ಟೇ ಬಿಟ್ಟುಕೊಟ್ಟಾಗಿತ್ತು.

ಭಾನುವಾರ ಇಬ್ರಾಹಿಂ ಬಂದರು. ಬಿಳಿ ಶರ್ಟು, ಅತ್ತರಿನ ಪರಿಮಳ, ಬಹಳ ವಿನಯ. ಮಜ್ಜಿಗೆ ಲೋಟ ಕೈಯಲ್ಲಿ ಹಿಡಿದೇ ಕಾರಿನ ಸುತ್ತ ಬಂದು, “ಗಾಡಿ ಚಂದ ಉಂಟು” ಎಂದರು. ಹರಿನಾಥ ಹೇಳಿದ ಬೆಲೆಗೂ ತಲೆಯಾಡಿಸಿದರು. ಆಮೇಲೆ ಬಾನೆಟ್ಟು ಎತ್ತಿ, ಟೇಪು ಸುತ್ತಿದ ವಯರನ್ನು ಬೆರಳಿನಿಂದ ಮೆಲ್ಲನೆ ಸವರಿದರು.

“ಇಲಿ ಅಲ್ವಾ ಸರ್?”

“ಯಾವಾಗಲೋ ಒಂದು ಸಲ…” ಎಂದ ಹರಿನಾಥ.

“ಇಲಿಗೆ ಒಮ್ಮೆ ದಾರಿ ಸಿಕ್ಕಿದರೆ ಮತ್ತೆ ಅದು ಗಾಡಿ ಬಿಡುವುದಿಲ್ಲ. ನಾಳೆ ನನ್ನಿಂದ ಗಾಡಿ ತೆಗೆದವರು ನನ್ನನ್ನು ಬಿಡುವುದಿಲ್ಲ.” ಹೀಗೆಂದು ಅವರು ಹೊಸ ಬೆಲೆ ಹೇಳಿದರು. ಹರಿನಾಥನ ಮುಖ ಸಪ್ಪಗಾಯಿತು. ಇಷ್ಟು ಕಡಿಮೆಗೆ ಅವನು ಒಪ್ಪಲಾರ ಎಂದು ಗೌತಮಿಗೆ ಗೊತ್ತಿತ್ತು. ಅವಳ ಜೀವಕ್ಕೆ ಸ್ವಲ್ಪ ಆಸೆ ಬಂತು.

ಜಗಲಿಯಲ್ಲಿ ಅಡಿಕೆ ಹೋಳು ಮಾಡುತ್ತ ಕೂತಿದ್ದ ಅತ್ತೆಗೆ ಮಾತ್ರ ಅದು ಗೊತ್ತಾಗಲಿಲ್ಲ. ಸೊಸೆಯ ಮುಖ ನೋಡಿದರು, ಅಡಕತ್ತರಿ ಕೆಳಗಿಟ್ಟರು.

“ಇಲಿಯ ತಪ್ಪಲ್ಲ ಹರಿ. ಹೊಗೆಸೊಪ್ಪು ಇದ್ದಷ್ಟು ದಿನ ಒಂದು ಇಲಿಯೂ ಬರಲಿಲ್ಲ. ಅದನ್ನು ತಿಂದದ್ದು ನಾನು.”

ಇಬ್ರಾಹಿಂ ಮರ್ಯಾದೆಯ ಮನುಷ್ಯ, ಲೋಟದೊಳಗೆ ನೋಡಿದರು.

“ಅಮ್ಮಾ…” ಎಂದ ಹರಿನಾಥ.

“ಬೈಯುವುದಾದರೆ ಮತ್ತೆ ಬೈ. ಈ ಮನೆಗೆ ಬಂದ ಮೇಲೆ ನನಗೆ ಅಂತ ಇದ್ದದ್ದು ಊಟ ಆದ ಮೇಲಿನ ಒಂದು ಎಲೆ. ಬಾಯಿ ತುಂಬ ಎಲೆ ಇದ್ದಾಗ ನಿನ್ನ ಅಪ್ಪನೂ ನನ್ನ ಹತ್ತಿರ ಎಂತ ಕೇಳುತ್ತಿರಲಿಲ್ಲ. ಉಗಿದು ಬರುವವರೆಗೆ ನಾನು ಯಾರಿಗೂ ಉತ್ತರ ಕೊಡಬೇಕಾಗಿರಲಿಲ್ಲ. ಇವಳಿಗೆ ಆ ಕಾರು ಹಾಗೆ. ನನ್ನ ಚಟಕ್ಕೆ ಅವಳದ್ದು ಹೋಗುವುದು ಬೇಡ.”

ಗೌತಮಿಯ ಕಣ್ಣು ತುಂಬಿತು. ತಾನು ಒಂದು ದಿನವೂ ಬಾಯಿಬಿಟ್ಟು ಹೇಳದ್ದನ್ನು ಈ ಅತ್ತೆ ಬಾನೆಟ್ಟು ಎತ್ತುವಾಗಲೇ ಓದಿಕೊಂಡಿದ್ದರು. ಕಾರು ಉಳಿಯಿತು ಎಂದೇ ಅವಳು ಭಾವಿಸಿದಳು.

“ಹಾಗಾದ್ರೆ ಗಾಡಿಗೆ ಎಂತದೂ ತೊಂದರೆ ಇಲ್ಲ!” ಎಂದು ಇಬ್ರಾಹಿಂ ತಲೆಯೆತ್ತಿದರು. “ಹೊಗೆಸೊಪ್ಪು ಇಟ್ಟರೆ ಮುಗೀತು. ಸರ್, ನೀವು ಮೊದಲು ಹೇಳಿದ ರೇಟೇ ಆಗಲಿ.”

ಹರಿನಾಥನ ಮುಖದಲ್ಲಿ ಅಮ್ಮನ ಸಂಕಟ ಒಂದು ಕಡೆ, ಕೇಳಿದ ಬೆಲೆ ಸಿಕ್ಕಿದ ಸಂತೋಷ ಒಂದು ಕಡೆ, ಎರಡೂ ಜಗಳಾಡಿದವು. ಹುಟ್ಟುಗುಣ ಗೆದ್ದಿತು. “ಆಯಿತು,” ಎಂದ. “ಅಮ್ಮಾ, ನಿಮ್ಮದು ಮತ್ತೆ ಮಾತಾಡುವಾ.”

ಇಬ್ರಾಹಿಂ ಫೋನ್ ತೆಗೆದು ಏನೇನೋ ಒತ್ತಿದರು. “ಗಾಡಿಯ ಹೆಸರು ಬದಲಿಸ್ಲಿಕ್ಕೆ ಓನರಿನ ಫೋನಿಗೆ ಒಂದು ಒಟಿಪಿ ನಂಬರು ಬರ್ತದೆ, ಅದನ್ನು ಹೇಳಿದರೆ ಆಯಿತು.” ಹರಿನಾಥ ತನ್ನ ಫೋನ್ ನೋಡಿಕೊಂಡ. ಟಿಣ್ ಎಂದದ್ದು ಗೌತಮಿಯ ಕೈಯಲ್ಲಿದ್ದ ಫೋನು. ಕಾರು ಅವಳ ಹೆಸರಿನಲ್ಲಿದೆ ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಮರೆತುಹೋಗಿತ್ತು. ಅವಳಿಗೂ.

“ಎಷ್ಟು ಗೌತಮಿ, ನಂಬರು?”

ಗೌತಮಿ ಜಗಲಿಗೆ ಹತ್ತಿ ಅತ್ತೆಯ ಪಕ್ಕ ಕೂತಳು. ತಟ್ಟೆಯಿಂದ ಒಂದು ವೀಳ್ಯದೆಲೆ ತೆಗೆದು, ಸೆರಗಿಗೆ ಒರೆಸಿ, ಅದರ ಬೆನ್ನಿಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಚಿ, ಇಡಿಯಾಗಿ ಬಾಯಿಗೆ ಹಾಕಿಕೊಂಡಳು. ಮದುವೆಯಾದ ಮೇಲೆ ಒಂದು ದಿನವೂ ಎಲೆ ತಿಂದವಳಲ್ಲ. ಕೆನ್ನೆ ಉಬ್ಬಿತು, ಕಣ್ಣಲ್ಲಿ ನೀರು ಬಂತು.

“ನಂಬರು ಕೇಳಿದ್ದು ನಾನು,” ಎಂದ ಹರಿನಾಥ.

“ಉಂ,” ಎಂದಳು ಗೌತಮಿ.

“ಬಾಯಲ್ಲಿ ಎಲೆ ಉಂಟು ಅವಳಿಗೆ,” ಎಂದರು ಅತ್ತೆ.

ಹರಿನಾಥ ಕಾದ. ಇಬ್ರಾಹಿಂ ಕೂಡ ಕಾದರು. ಗೌತಮಿ ಕಾರನ್ನೇ ನೋಡುತ್ತ ನಿಧಾನವಾಗಿ ಜಗಿದಳು. “ಅದರ ಟೈಮ್ ಮುಗೀತು ಸರ್, ಇನ್ನೊಮ್ಮೆ ಕಳಿಸ್ತೇನೆ” ಎಂದು ಇಬ್ರಾಹಿಂ ಮತ್ತೆ ಫೋನ್ ಎತ್ತಿದಾಗ ಗೌತಮಿ ಎರಡನೆಯ ಎಲೆಗೆ ಸುಣ್ಣ ಹಚ್ಚಲು ಶುರುಮಾಡಿದ್ದಳು. ವ್ಯಾಪಾರದಲ್ಲಿ ಪಳಗಿದ ಆ ಮನುಷ್ಯನಿಗೆ ಎಲ್ಲರಿಗಿಂತ ಮೊದಲು ಅರ್ಥವಾಯಿತು. ಮಜ್ಜಿಗೆ ಮುಗಿಸಿ, “ಓನರಿಗೆ ಮನಸ್ಸಿಲ್ಲದ ಗಾಡಿ ನನಗೆ ಆಗ್ಲಿಕ್ಕಿಲ್ಲ” ಎಂದು ಲೋಟವನ್ನು ಜಗಲಿಯಲ್ಲಿಟ್ಟು, ಎಲ್ಲರಿಗೂ ಹೇಳಿಯೇ ಹೊರಟರು.

ಗೌತಮಿ ತೆಂಗಿನ ಬುಡದಲ್ಲಿ ಉಗಿದು, ಬಾಯಿ ಮುಕ್ಕಳಿಸಿ ಬಂದಳು.

“ಕಾರು ನನ್ನದು. ಮಾರುವುದಿಲ್ಲ,” ಎಂದಳು. “ಇಲಿಯನ್ನೂ ನಾನೇ ನೋಡಿಕೊಳ್ತೇನೆ. ನಿಮಗೆ ಅದರ ಚಿಂತೆ ಬೇಡ.”

ಹರಿನಾಥ ಹೆಂಡತಿಯನ್ನು ನೋಡಿದ, ಕಾರನ್ನು ನೋಡಿದ. ಪೇಪರು ಎಲ್ಲಿದೆ ಎಂದು ಹುಡುಕಿದ.

“ನಾಳೆ ನಾನು ರಜೆ ಹಾಕ್ತೇನೆ ಅತ್ತೆ,” ಎಂದು ಗೌತಮಿ ಈಚೆ ತಿರುಗಿದಳು. “ಕಾರಿನಲ್ಲೇ ಮಂಗಳೂರಿಗೆ ಹೋಗಿ ಡಾಕ್ಟರಿಗೆ ಬಾಯಿ ತೋರಿಸಿ ಬರುವಾ. ಎಷ್ಟು ಗಂಟೆಗೆ ಹೊರಡುವಾ, ನೀವೇ ಹೇಳಿ.”

ಅತ್ತೆ ಸೊಸೆಯ ಮುಖ ನೋಡಿದರು, ಮಗನ ಮುಖ ನೋಡಿದರು. ಆಮೇಲೆ ತಟ್ಟೆಗೆ ಕೈಹಾಕಿ, ಸೊಸೆ ಸುಣ್ಣ ಹಚ್ಚಿ ಬಿಟ್ಟಿದ್ದ ಎಲೆಯನ್ನು ಎತ್ತಿ ಲಗುಬಗೆಯಿಂದ ಬಾಯಿ ತುಂಬಿಸಿಕೊಂಡರು.