ನತಾಲಿನ್‌ಬಾಯಿಯ ಹಲಸಿನ ಪೆಟ್ಟಿಗೆ

"ಪೆಟ್ಟಿಗಿ ಪ್ಲೈವುಡ್ಡಿಂದು ಸಾಕು ಬಿಡ್ರಿ. ಅಕಿಗೆ ನೋಡಾಕ ಯಾರದಾರ?" ಎಂದು ಇಗರ್ಜಿಯ ಗುರಿಕಾರ ಇನಾಸ್ ಅಂಗಳದಲ್ಲಿ ಹೇಳಿದ್ದು ಕೇಳಿಸಿದಾಗ ನತಾಲಿನ್‌ಬಾಯಿ ಸತ್ತವಳ ತಲೆ ಬಾಚುತ್ತಿದ್ದಳು. ಬಾಚಣಿಗೆ ಅರ್ಧಕ್ಕೆ ನಿಂತಿತು.

ಸತ್ತವಳು ಪಕ್ಕದ ಮನೆಯ ರೆಮೆತ್. ಕಿರವತ್ತಿಯ ಹೆದ್ದಾರಿ ಬದಿಯಲ್ಲಿ ಸೊಟ್ಟ ಪಾತೇಲಿಯೊಂದರಲ್ಲಿ ದಿನಾ ಗಂಜಿ ಬೇಯಿಸಿ, ಲಾರಿ ಕ್ಲೀನರ್, ಹುಚ್ಚ, ಭಿಕ್ಷುಕ ಎನ್ನದೆ ಬಂದವರಿಗೆಲ್ಲ ಬಡಿಸಿದವಳು. ಹಿಂದುಮುಂದು ನೋಡದೆ ಕೊಟ್ಟು ಕೊಟ್ಟು, ಕಡೆಗೆ ಹೊದೆಯುವ ಕಂಬಳಿಯನ್ನೂ ಯಾರಿಗೋ ಹೊದೆಸಿ ಕಳಿಸಿದ್ದಳು. ನತಾಲಿನ್‌ಬಾಯಿ ಹಾಗಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಈಕೆ ಇನ್ನೊಂದು ಗೇಣು ಮಡಚಿಕೊಂಡೇ ಮಲಗುವವಳು. ದೀಪಕ್ಕೆ ಎಣ್ಣೆ ತಂದ ಜಾಣ ಕನ್ಯೆಯರ, ತರದೆ ಬಂದ ದಡ್ಡಿಯರ ಕಥೆಯನ್ನು ಪಾದ್ರಿಗಳು ಹೇಳಿದಾಗಲೆಲ್ಲ ಜನ ಈ ಇಬ್ಬರ ಕಡೆ ತಿರುಗಿ ನಗುತ್ತಿದ್ದರು.

ನತಾಲಿನ್‌ಬಾಯಿಯ ಜಾಣತನದ ಸಾಕ್ಷಿ ಅಟ್ಟದ ಮೇಲಿತ್ತು. ಹಿತ್ತಿಲ ಹಲಸಿನ ಮರ ಕಡಿಸಿ, ಬಡಗಿ ಕೆರಿಯಪ್ಪನಿಂದ ಮಾಡಿಸಿಟ್ಟ ತನ್ನದೇ ಶವಪೆಟ್ಟಿಗೆ! ಊರು ನಕ್ಕರೆ ನಗಲಿ. ಗಂಡ ಬಸ್ತ್ಯಾಂವ್ ಸತ್ತಾಗ ಅವಸರಕ್ಕೆ ಯಂತ್ರದ ಪ್ಯಾಕಿಂಗ್ ಹಲಗೆ ಜೋಡಿಸಿ ಪೆಟ್ಟಿಗೆ ಹೊಡೆದಿದ್ದರು. ಯಾವ ಬದಿ ಮೇಲಿರಬೇಕೆಂದು ತೋರಿಸುವ ಬಾಣದ ಗುರುತು ಹಲಗೆಯ ಮೇಲೆ ಹಾಗೇ ಇತ್ತು. ಕುಣಿಗೆ ಇಳಿಸುವಾಗ ಅದು ನೆಲದ ಕಡೆಗೆ ತಿರುಗಿತ್ತು. ಅವತ್ತಿನಿಂದ ಆಕೆಗೆ ಒಂದೇ ಹಟ, ತನಗೆ ಆ ಗತಿ ಬರಬಾರದು. ಹಲಸಿನ ಪೆಟ್ಟಿಗೆಗೆ ವರ್ಷಕ್ಕೊಮ್ಮೆ ಎಣ್ಣೆ ಹಚ್ಚುವಳು. ಸುಮ್ಮನೆ ಖಾಲಿ ಯಾಕೆಂದು ಕ್ರಿಸ್‌ಮಸ್ ತಿಂಡಿಯ ಡಬ್ಬಿಗಳನ್ನೂ ಅದರಲ್ಲೇ ಇಡುವಳು.

ಹೋದ ಕ್ರಿಸ್‌ಮಸ್ಸಿಗೆ ರೆಮೆತ್ ಏಣಿ ಹತ್ತಿ ಬಂದು, ಡಬ್ಬಿಯಿಂದ ನೆವ್ರಿ ತೆಗೆದು ಬಾಯಿಗೆ ಹಾಕಿಕೊಂಡು, ಪೆಟ್ಟಿಗೆಯನ್ನು ಕಣ್ಣಳತೆ ನೋಡಿದ್ದಳು.

"ಭಾಳ ಅಗಲ ಐತಿ ನತಾಲಿ. ಚೂರು ಸರದು ಮಲಗಿದ್ರ ನನಗೂ ಜಾಗ ಆಗ್ತೈತಿ."

"ನಿಂದು ನೀ ಮಾಡಿಸ್ಕೋ," ಎಂದಿದ್ದಳು ನತಾಲಿನ್‌ಬಾಯಿ.

ಕಥೆಯ ಜಾಣೆಯರೂ ಎಣ್ಣೆ ಕೇಳಿದವರಿಗೆ ಇದನ್ನೇ ಅಲ್ಲವೇ ಹೇಳಿದ್ದು, ಹೋಗಿ ಕೊಂಡುಕೊಳ್ಳಿ ಎಂದು? ಬಾಚಣಿಗೆ ಹಿಡಿದಿದ್ದ ನತಾಲಿನ್‌ಬಾಯಿಗೆ ಈಗ ಅದು ಹೊಳೆಯಿತು. ರೆಮೆತ್ ಅವತ್ತು ನಗುತ್ತಲೇ ಇನ್ನೊಂದು ನೆವ್ರಿ ತೆಗೆದುಕೊಂಡಿದ್ದಳು. ನಕ್ಕಿದ್ದೇ ಈಗ ಹೆಚ್ಚು ನೋಯಿಸಿತು. ಆಕೆ ಉಳಿದ ಕೂದಲು ಬಾಚಿ, ಗಂಟು ಕಟ್ಟಿ, ಹೊರಗೆ ಬಂದಳು.

"ಇನಾಸ್, ನಾಕು ಮಂದೀನ ಕರಕೊಂಡು ನಮ್ಮ ಅಟ್ಟ ಹತ್ತು."

ಇನಾಸ್ ಕಣ್ಣುಕಣ್ಣು ಬಿಟ್ಟ. "ಹುಚ್ಚು ಹಿಡದೈತೇನ್ರಿ ಬಾಯಾರ? ನಾಳೆ ನಿಮಗ?"

"ಊರಿಗಿದ್ದ ಒಬ್ಬ ಹುಚ್ಚಿ ಹೋದಳಲ್ಲಪ್ಪ, ಇನ್ನೊಬ್ಬಾಕಿ ಬೇಕಲ್ಲ. ಒಳಗ ಡಬ್ಬಿ ಅದಾವ, ಜ್ವಾಕಿ."

ನೋಡಲು ಯಾರಿದ್ದಾರೆ ಎಂದಿದ್ದ ಇನಾಸನಿಗೆ ಸಂಜೆ ಹೆಗಲು ಕೊಡಲು ಸರದಿಯೇ ಸಿಗಲಿಲ್ಲ. ಧಾಬಾದ ಹಯಾತ್, ಹೆಸರೇ ಗೊತ್ತಿಲ್ಲದ ಲಾರಿಯವರು, ಹರಕು ಕಂಬಳಿ ಹೊದ್ದ ಒಬ್ಬ ಮುದುಕ, ಎಲ್ಲರೂ ಬಂದಿದ್ದರು. ಎಣ್ಣೆ ಕುಡಿದ ಹಲಸು ಇಳಿಬಿಸಿಲಲ್ಲಿ ಹಳದಿಯಾಗಿ ಹೊಳೆಯಿತು. ನತಾಲಿನ್‌ಬಾಯಿ ಮನಸಾರೆ ಅತ್ತಳು.

ವಾರ ಕಳೆದ ಮೇಲೆ ಕೆರಿಯಪ್ಪ ಅಳತೆಯ ಟೇಪು ಹಿಡಿದು ಬಂದ. ಹಿತ್ತಿಲಲ್ಲಿ ಉಳಿದಿದ್ದ ಇನ್ನೊಂದು ಹಲಸಿನ ಮರವನ್ನು ತಟ್ಟಿ ನೋಡಿ, "ಹೊಸಾದಕ್ಕ ಇದು ಸಾಕಾಗ್ತೈತ್ರಿ. ಯಾವಾಗ ಕಡಿಯೂಣು?" ಎಂದ.

ನತಾಲಿನ್‌ಬಾಯಿ ಮರದ ಸುತ್ತ ಒಂದು ಸುತ್ತು ಬಂದಳು. ಬುಡದಲ್ಲಿ ಹೆಬ್ಬೆರಳಿನಷ್ಟು ಎಳೆಗಾಯಿಗಳು ಜೋತಿದ್ದವು.

"ಕಾಯಿ ಬಿಟ್ಟೈತಿ, ಈ ವರ್ಷ ಇರಲಿ," ಎಂದಳು. "ಕುಂದ್ರು, ಉಂಡು ಹೋಗು."

ಅಡುಗೆಮನೆಯ ಒಲೆಯ ಮೇಲೆ ಸೊಟ್ಟ ಪಾತೇಲಿಯಲ್ಲಿ ಗಂಜಿ ಕುದಿಯುತ್ತಿತ್ತು. ಹೊರಗೆ ಯಾರೋ ಲಾರಿ ನಿಲ್ಲಿಸಿದ ಸದ್ದಾಯಿತು.