ಇಬ್ಬರಿಗೂ ಬೇಡದ ಹುರುಳಿಕಟ್ಟು

ಹೊಳಲಿನ ಸಣ್ಣತಾಯಮ್ಮನ ಮನೆಯಲ್ಲಿ ಹುಟ್ಟಿದ ದಿನಕ್ಕೆ ಹೊಸ ಬಟ್ಟೆ ಇಲ್ಲ, ಆರತಿ ಇಲ್ಲ. ಆದರೆ ಅವತ್ತಿನ ರಾತ್ರಿ ಊಟಕ್ಕೆ ಏನಾಗಬೇಕು ಅನ್ನೋದನ್ನ ಹುಟ್ಟಿದವರೇ ಹೇಳಬೇಕು. ಇದು ಅವಳ ಗಂಡ ಚಿಕ್ಕಬೋರಯ್ಯ ಮಾಡಿಟ್ಟು ಹೋದ ಕಟ್ಟಳೆ. "ವರ್ಸಕ್ಕೊಂದಿನ ಒಲೆ ನಿನ್ ಮಾತು ಕೇಳ್ತದೆ, ಕೇಳ್ಕೊ" ಅಂತಿದ್ದನಂತೆ ಆ ಪುಣ್ಯಾತ್ಮ. ಮಾತೇನೋ ಚೆಂದ. ಬಾಯಿಬಿಟ್ಟು ಕೇಳೋದು ಅಷ್ಟು ಸಲೀಸೇ? ಸೊಸೆ ದೇವೀರಮ್ಮನನ್ನ ವಿಚಾರಿಸಿ ನೋಡಿ.

ಮಳವಳ್ಳಿ ಕಡೆಯವಳು. ಊರಿಗೆ ಕರೆಂಟು ಬಂದ ವರ್ಷ ಸಿದ್ದರಾಜುವಿನ ಕೈ ಹಿಡಿದು ಈ ಮನೆಗೆ ಬಂದಳು. ಶಿವರಾತ್ರಿಯ ಮಾರನೆಯ ದಿನ ಅವಳು ಹುಟ್ಟಿದ ದಿನ. ಮೊದಲ ವರ್ಷ ಅತ್ತೆ ಕೇಳಿದಾಗ ಹೊಸ ಸೊಸೆ ನೆಲ ನೋಡುತ್ತಾ, "ನಿಮಗೇನಿಷ್ಟವೋ ಅದೇ ಆಗ್ಲಿ ಅತ್ತೆಮ್ಮ" ಅಂದಳು. ರಾತ್ರಿ ತಟ್ಟೆಗೆ ಬಿದ್ದದ್ದು ಮುದ್ದೆ, ಹುರುಳಿಕಟ್ಟಿನ ಸಾರು. ಅಯ್ಯೋ ಶಿವನೇ! ಅವಳ ತವರಲ್ಲಿ ಹುರುಳಿ ಬೇಯಿಸುತ್ತಿದ್ದದ್ದು ಎತ್ತುಗಳಿಗೆ. ವಾಸನೆ ಬಂದರೇ ಮೂಗು ಮುಚ್ಚಿಕೊಳ್ಳೋಳು. "ಅವ್ವಂಗೆ ಉರುಳಿಕಟ್ಟು ಅಂದ್ರೆ ಪ್ರಾಣ" ಅಂತ ಗಂಡ ಕಿವಿಯಲ್ಲಿ ಊದಿದ ಮೇಲೆ ಇನ್ನೇನು ಮಾಡಿಯಾಳು? ಕಣ್ಣು ಮುಚ್ಚಿ ನುಂಗಿದಳು. ಅಲ್ಲಿಂದಾಚೆಗೆ ವರ್ಷ ವರ್ಷವೂ ಅದೇ. ಗೌರಿಹಬ್ಬದ ಹಿಂದಿನ ದಿನ ಅತ್ತೆಯ ಹುಟ್ಟಿದ ದಿನ, ಅವತ್ತೂ ಅದೇ. ಸಿದ್ದರಾಜುವಿನ ದಿನವಂತೂ ಕೇಳಲೇಬೇಡಿ.

ಅವಳು ತಡೆದುಕೊಂಡಿದ್ದದ್ದು ತವರಿನ ಅವ್ವನ ಬಲದ ಮೇಲೆ. ಶಿವರಾತ್ರಿ ಕಳೆದ ವಾರದೊಳಗೆ ಮಳವಳ್ಳಿ ಬಸ್ಸು ಹತ್ತೋಳು. ಅವ್ವ ಒತ್ತುಶಾವಿಗೆ ಮಾಡಿ, ಮೇಲೆ ಕಾಯಿಹಾಲು ಹುಯ್ದು, "ತಿನ್ನು ಮಗ" ಅಂತ ಎದುರಿಗೆ ಕೂರೋಳು. ಅಲ್ಲಿಗೆ ಹುಟ್ಟುಹಬ್ಬ ಆಯಿತು ಅನ್ನಿಸೋದು. ಹೋದ ದೀಪಾವಳಿಗೆ ಆ ಅವ್ವ ತೀರಿಕೊಂಡಳು. ಈಗ ಎಪ್ಪತ್ತಾರನೇ ಇಸವಿಯ ಶಿವರಾತ್ರಿ ಬಂದರೆ ಹತ್ತೋದಕ್ಕೆ ಬಸ್ಸಿದೆ, ಇಳಿದರೆ ಬಾಗಿಲಲ್ಲಿ ಕಾಯೋರಿಲ್ಲ. ಆ ಶಾವಿಗೆಯ ರುಚಿಯನ್ನ ತನ್ನ ನಾಲಿಗೆ ಮರೆತೇಬಿಟ್ಟರೆ ಅನ್ನೋ ಭಯ ಅವಳಿಗೆ ಹಿಡಿಯಿತು. ಈ ಸಲ ಕೇಳಿಯೇ ಬಿಡುತ್ತೀನಿ ಅಂತ ಜಾಗರಣೆಯ ರಾತ್ರಿಯೆಲ್ಲ ಮನಸ್ಸಿನಲ್ಲೇ ಮಾತು ಜೋಡಿಸಿದಳು.

ಬೆಳಗ್ಗೆ ಹೊರಗೆ ಬಂದು ನೋಡಿದರೆ ಅತ್ತೆ ಆಗಲೇ ಜಗುಲಿಯಲ್ಲಿ ಕೂತು ಮೊರದ ತುಂಬ ಹುರುಳಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಾಳೆ. ದೇವೀರಮ್ಮ ಓಡಿಬಂದು ಮೊರದ ಮುಂದೆ ಕೂತಳು. ಜೋಡಿಸಿಟ್ಟಿದ್ದ ಮಾತೆಲ್ಲ ಎಲ್ಲೋ ಹೋಯಿತು.

"ಅತ್ತೆಮ್ಮ, ಈ ವರ್ಸ ಶಾವ್ಗೆ ತಿನ್ನೋ ಆಸೆ ಆಗೈತೆ."

ಸಣ್ಣತಾಯಮ್ಮನ ಕೈ ಮೊರದಲ್ಲೇ ನಿಂತಿತು. ಕೆಟ್ಟೆ ಅಂದುಕೊಂಡ ಸೊಸೆ ಗಾಬರಿಯಲ್ಲಿ ಸೇರಿಸಿದಳು. "ನಿಮ್ಗೆ ಉರುಳಿಕಟ್ಟು ಅಂದ್ರೆ ಪ್ರಾಣ ಅಂತ ಗೊತ್ತು. ಬ್ಯಾಡಾಂದ್ರೆ ಬುಡಿ."

"ಯಾರ್ಗೆ, ನಂಗಾ?" ಅಂದಳು ಅತ್ತೆ. "ಅದ ತಿಂದ್ರೆ ಬೆಳಗಾನ ಎದೆ ಉರೀತದೆ ಕಣಮ್ಮಿ. ಸೊಸೆಗೆ ಇಷ್ಟ, ಉಣ್ಲಿ ಅಂತ ನನ್ ಹುಟ್ಟಿದ್ ದಿನಾನೂ ಅದ್ನೇ ಏಳ್ಕಂಡು ಕುಡೀತಿದ್ದೀನಿ."

"ನಂಗೆ ಇಷ್ಟ ಅಂತ ಯಾರಂದ್ರು?"

"ನಿನ್ ಗಂಡ."

"ನಿಮ್ಗೆ ಪ್ರಾಣ ಅಂತ ನಂಗೇಳಿದ್ದೂ ಅವ್ರೇ."

ಅಷ್ಟು ಹೊತ್ತಿಗೆ ಸರಿಯಾಗಿ ಆ ಮಹಾನುಭಾವ ಬೇವಿನ ಕಡ್ಡಿ ಅಗಿಯುತ್ತಾ ಹಿತ್ತಿಲಿಂದ ಬಂದ. ಇಬ್ಬರ ಮುಖ ನೋಡಿದ, ಮೊರ ನೋಡಿದ, ಬಂದ ದಾರಿಗೇ ತಿರುಗಿದ.

"ಬಾರ್ಲಾ ಇಲ್ಲಿ, ಸಿದ್ದ" ಅಂದಳು ಸಣ್ಣತಾಯಮ್ಮ. "ಯಾರ್ಲಾ ಉರುಳಿಕಟ್ಟಿಗೆ ಪ್ರಾಣ ಬುಡೋರು ಈ ಮನೇಲಿ?"

ಸಿದ್ದರಾಜು ತಲೆ ಕೆರೆದುಕೊಂಡ. "ಅತ್ತೆ ಸೊಸೆ ಇಬ್ರೂ ಒಂದೇ ಸಾರು ಮೆಚ್ಚುದ್ರೆ ಮನೇಲಿ ಜಗಳ ಇರಲ್ಲ ಅಂತ ಅಂಗಂದೆ ಕಣವ್ವ."

"ನಿನ್ ಹುಟ್ಟಿದ್ ದಿನ ಒಂದು ಸಾಲ್ದು ಅಂತ ನಮ್ಮಿಬ್ರುದ್ದೂ ನುಂಗ್ಬುಟ್ಟಲ್ಲೋ! ಅಟ್ಟ ಅತ್ತಿ ಶಾವ್ಗೆ ಒರಳು ಇಳಿಸು."

ಮೊರದ ಹುರುಳಿ ನ್ಯಾಯವಾಗಿ ಸೇರಬೇಕಾದ ಕಡೆಗೆ, ಅಂದರೆ ಎತ್ತುಗಳ ಬಾನಿಗೆ ಹೋಯಿತು. ಸಂಜೆ ಅತ್ತೆ ಅಕ್ಕಿಹಿಟ್ಟಿನ ಉಂಡೆ ಬೇಯಿಸಿ ಬಿಸಿಬಿಸಿಯಾಗಿ ಒರಳಿಗೆ ಹಾಕಿದಳು, ಸಿದ್ದರಾಜು ಮರದ ಸನ್ನೆಯ ಮೇಲೆ ಮೈಭಾರವನ್ನೆಲ್ಲ ಬಿಟ್ಟು ಒತ್ತಿದ. ಎಳೆ ಕಡಿಯಿತು ಅಂತ ಬೈಸಿಕೊಂಡ, ಬೆವರಿದ, ಮತ್ತೆ ಒತ್ತಿದ. ದೇವೀರಮ್ಮನಿಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು, ನಗು ಬಂತು.

ಹುಟ್ಟಿದವಳೇ ಮೊದಲು ಕೂರಬೇಕು ಅಂತ ಅತ್ತೆ ಮಣೆ ಹಾಕಿ, ತಾನೇ ಶಾವಿಗೆ ಬಡಿಸಿ, ಕಾಯಿಹಾಲು ಹುಯ್ದು, ಎದುರಿಗೆ ಕೂತಳು. ಸೊಸೆ ಒಂದು ತುತ್ತು ಬಾಯಿಗಿಟ್ಟಳು.

"ನಿಮ್ಮವ್ವ ಮಾಡ್ದಂಗೇ ಆಗೈತಾ?"

ಹೂಂ ಅಂದುಬಿಡೋದು ಸುಲಭವಿತ್ತು. ಇಷ್ಟು ವರ್ಷ ಹೂಂ ಅಂದೇ ಬಾಳಿದವಳು ಅವಳು. ದೇವೀರಮ್ಮ ತುತ್ತು ನುಂಗಿ ತಲೆಯೆತ್ತಿದಳು.

"ಇಲ್ಲ ಅತ್ತೆಮ್ಮ. ನಮ್ಮವ್ವ ಗಸಗಸೆ ಉರ್ದು ಅರ್ದು ಆಕೋಳು."

ಸಣ್ಣತಾಯಮ್ಮ ಸೊಸೆಯ ತಟ್ಟೆಯಿಂದಲೇ ಒಂದು ಎಳೆ ತೆಗೆದು ಬಾಯಿಗೆ ಹಾಕಿಕೊಂಡಳು.

"ಇಂಗೆ ಬಾಯ್ಬುಟ್ಟು ಏಳ್ಬೇಕು ಕಣಮ್ಮಿ. ಗೌರಿಹಬ್ಬಕ್ಕೆ ನನ್ ದಿನ ಬತ್ತದಲ್ಲ, ನಾನೂ ಶಾವ್ಗೇನೇ ಕೇಳ್ತೀನಿ. ಅವತ್ತು ನೀನ್ ಮಾಡು, ನಿಮ್ಮವ್ವ ಮಾಡ್ದಂಗೆ. ನಾನೂ ಒಂದ್ಸಲ ಆಯಮ್ಮನ ಕೈರುಚಿ ನೋಡ್ತೀನಿ."

ದೇವೀರಮ್ಮ ತಟ್ಟೆ ಮುಂದಕ್ಕೆ ಹಿಡಿದು ಇನ್ನೊಂದು ಸೌಟು ಕಾಯಿಹಾಲು ಹಾಕಿಸಿಕೊಂಡಳು.